ಸದನದ ಬಾಗಿಲ ಕೀಲಿ ಯಾರ ಕೈಯಾಗ ಇರಬೇಕು?

ಉಣಕಲ್_ದಂಡಿ (ಹುಬ್ಬಳ್ಳಿ)

ಎರಡು ಘಟನೆ ಪಕ್ಕಪಕ್ಕ ಇಡುತ್ತೇನೆ.

2023ರ ಡಿಸೆಂಬರ್. ಸಂಸತ್ತಿನ ಚಳಿಗಾಲದ ಅಧಿವೇಶನದಲ್ಲಿ ವಿರೋಧ ಪಕ್ಷಗಳ 146 ಸದಸ್ಯರು ಅಮಾನತು. ಲೋಕಸಭೆಯವರು 100, ರಾಜ್ಯಸಭೆಯವರು 46. ಆಗ ಸಂಸದೀಯ ವ್ಯವಹಾರಗಳ ಸಚಿವರಾಗಿದ್ದವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ.

2025ರ ಮಾರ್ಚ್ 21. ಕರ್ನಾಟಕ ವಿಧಾನಸಭೆಯಿಂದ ಬಿಜೆಪಿಯ 18 ಶಾಸಕರು 6 ತಿಂಗಳ ಮಟ್ಟಿಗೆ ಅಮಾನತು. ಪ್ರಸ್ತಾವ ಮಂಡಿಸಿದವರು ಗದುಗಿನ ಶಾಸಕರೂ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರೂ ಆದ ಎಚ್.ಕೆ. ಪಾಟೀಲ.

ದಿಲ್ಲಿಯದನ್ನು ಪ್ರಜಾಪ್ರಭುತ್ವದ ಕೊಲೆ ಎಂದವರು ಬೆಂಗಳೂರಿನದನ್ನು ಶಿಸ್ತು ಎಂದರು. ದಿಲ್ಲಿಯಲ್ಲಿ ಶಿಸ್ತು ಎಂದವರು ಬೆಂಗಳೂರಿನಲ್ಲಿ ಕೊಲೆ ಎಂದರು. ನಡುವೆ ಕಳೆದದ್ದು 15 ತಿಂಗಳು. ಎರಡೂ ಕಡೆಯ ಸಚಿವರು ನಮ್ಮ ಸೀಮೆಯವರೇ ಆದ್ದರಿಂದ ಈ ಪ್ರಶ್ನೆ ಕೇಳುವ ಹಕ್ಕು ನಮಗೆ ಸ್ವಲ್ಪ ಹೆಚ್ಚೇ ಇದೆ.

ಸದನ ಮುಚ್ಚುವುದು, ಕರೆಯದೆ ಬಿಡುವುದು, ಸದಸ್ಯರನ್ನು ಹೊರಗೆ ಹಾಕುವುದು ಮೂರನ್ನೂ ಇಲ್ಲಿ ತೆಗೆದುಕೊಳ್ಳೋಣ. ಒಂದೇ ಕೋರಿಕೆ: ಬರೆಯುವ ಮೊದಲು "ಎದುರು ಪಕ್ಷದವರು ಇದನ್ನೇ ಮಾಡಿದ್ದರೆ ಒಪ್ಪುತ್ತಿದ್ದೆನೇ" ಎಂದು ಕೇಳಿಕೊಳ್ಳಿ. ಕಲಮು, ನಿಯಮ, ದಿನಾಂಕ ಹಿಡಿದು ಮಾತಾಡಿ.

ಸಾಧನಕೇರಿ (ಧಾರವಾಡ)

ಮೊದಲು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಪತ್ರಿಕೆಗಳು ಎಲ್ಲದಕ್ಕೂ "ಮುಂದೂಡಿಕೆ" ಎಂದೇ ಬರೆಯುತ್ತವೆ, ಅಲ್ಲಿಂದಲೇ ಗೊಂದಲ ಶುರು.

ಕಲಾಪ ಮುಂದೂಡಿಕೆ ಸ್ಪೀಕರ್ ಕೈಯಲ್ಲಿದೆ. ಅರ್ಧ ಗಂಟೆಗೆ, ನಾಳೆಗೆ, ಸೋಮವಾರಕ್ಕೆ. ಅನಿರ್ದಿಷ್ಟ ಕಾಲಕ್ಕೆ ಮುಂದೂಡುವುದೂ ಸ್ಪೀಕರ್ ಕೈಯಲ್ಲಿದೆ, ಆದರೆ ಅಲ್ಲಿಗೆ ಅಧಿವೇಶನ ಮುಗಿದಂತಲ್ಲ. ಲೋಕಸಭೆಯ ನಿಯಮ 15ರಂತೆ ಹಾಗೆ ಮುಂದೂಡಿದ ಮೇಲೂ ಸ್ಪೀಕರ್ ಯಾವಾಗ ಬೇಕಾದರೂ ಸದನವನ್ನು ಮತ್ತೆ ಸೇರಿಸಬಹುದು. ಮೂರನೆಯದು ಪ್ರೊರೋಗೇಶನ್, ಅಂದರೆ ಅಧಿವೇಶನವನ್ನೇ ಮುಕ್ತಾಯ ಮಾಡುವುದು. ಇದು ಸ್ಪೀಕರ್ ಕೆಲಸವಲ್ಲ. ಸಂಸತ್ತಿಗೆ ಅನುಚ್ಛೇದ 85ರ ಕೆಳಗೆ ರಾಷ್ಟ್ರಪತಿ, ರಾಜ್ಯಕ್ಕೆ 174ರ ಕೆಳಗೆ ರಾಜ್ಯಪಾಲರು ಆದೇಶ ಹೊರಡಿಸುತ್ತಾರೆ. ಇಬ್ಬರೂ ಸಂಪುಟದ ಸಲಹೆಯಂತೆ ನಡೆಯುವವರು. ಹಾಗಾಗಿ ನಿಜವಾದ ಕೀಲಿ ಮುಖ್ಯಮಂತ್ರಿ ಅಥವಾ ಪ್ರಧಾನಿಯ ಜೇಬಿನಲ್ಲಿರುತ್ತದೆ.

ಪ್ರೊರೋಗ್ ಆದರೆ ಏನು ಸಾಯುತ್ತದೆ? ಬ್ರಿಟನ್ನಿನಲ್ಲಿ ಬಾಕಿ ಮಸೂದೆಗಳು, ಮುಂದಿನ ಅಧಿವೇಶನಕ್ಕೆ ಒಯ್ಯುವ ನಿರ್ಣಯ ಇಲ್ಲದಿದ್ದರೆ, ಬಿದ್ದುಹೋಗುತ್ತವೆ. ನಮ್ಮಲ್ಲಿ ಬೀಳುವುದಿಲ್ಲ, ಸಂಸತ್ತಿಗೆ 107(3), ರಾಜ್ಯಕ್ಕೆ 196(3) ಅದನ್ನು ಕಾಪಾಡುತ್ತವೆ. ಬೀಳುವುದು ಸದಸ್ಯರು ಕೊಟ್ಟ ನೋಟಿಸುಗಳು. ಲೋಕಸಭೆಯ ನಿಯಮ 335ರಂತೆ ಮಸೂದೆ ಮಂಡನೆಗೆ ಅನುಮತಿ ಕೇಳಿದ ನೋಟಿಸು ಬಿಟ್ಟು ಉಳಿದವೆಲ್ಲ ರದ್ದು. ಅವಿಶ್ವಾಸ ಸೂಚನೆಯೂ ಅದರಲ್ಲೇ ಹೋಗುತ್ತದೆ. ಸರ್ಕಾರದ ಮಸೂದೆ ಉಳಿಯುತ್ತದೆ, ಸದಸ್ಯನ ಪ್ರಶ್ನೆ ಸಾಯುತ್ತದೆ.

ಇನ್ನೊಂದು ಮಾತು ಎಲ್ಲರೂ ಮರೆಯುತ್ತಾರೆ. ಸುಗ್ರೀವಾಜ್ಞೆ, ಅಂದರೆ ಸದನದ ಒಪ್ಪಿಗೆಗೆ ಕಾಯದೆ ಸರ್ಕಾರ ತರುವ ತಾತ್ಕಾಲಿಕ ಕಾನೂನು, ತರಲು ಸದನ ಅಧಿವೇಶನದಲ್ಲಿ ಇರಬಾರದು. ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದ ಸದನ ಲೆಕ್ಕಕ್ಕೆ ಇನ್ನೂ ಅಧಿವೇಶನದಲ್ಲೇ ಇರುತ್ತದೆ. ಆದ್ದರಿಂದ ಮೊದಲು ಪ್ರೊರೋಗ್, ಆಮೇಲೆ ಸುಗ್ರೀವಾಜ್ಞೆ. ಕರ್ನಾಟಕದಂಥ ಎರಡು ಸದನಗಳ ರಾಜ್ಯದಲ್ಲಿ ಅನುಚ್ಛೇದ 213 ಇನ್ನೂ ಸಡಿಲ. ಎರಡೂ ಸದನ ಒಟ್ಟಿಗೆ ನಡೆಯುತ್ತಿದ್ದರೆ ಮಾತ್ರ ತಡೆ; ಒಂದು ಮುಗಿದಿದ್ದರೂ ದಾರಿ ತೆರೆದಂತೆ.

ದುರ್ಗದ_ಬೈಲ್ (ಹುಬ್ಬಳ್ಳಿ)

ಬ್ರಿಟನ್ ಮಾತು ಬಂತಲ್ರಿ, ಅದನ್ನ ಪೂರ್ತಿ ನೋಡೂಣು. 2019ರ ಆಗಸ್ಟ್ 28ಕ್ಕ ಬೋರಿಸ್ ಜಾನ್ಸನ್ ರಾಣಿಗೆ ಸಲಹೆ ಕೊಟ್ರು. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ 14ರ ತನಕ ಸಂಸತ್ತು ಬಂದ್. 5 ವಾರ. ಯುರೋಪಿಯನ್ ಒಕ್ಕೂಟದಿಂದ ಹೊರಗ ಬೀಳೂ ಗಡುವು ಅಕ್ಟೋಬರ್ 31. ಚರ್ಚೆಗೆ ಇದ್ದ ದಿನಾನ ತಿಂದ ಹಾಕಿದಂಗಾತು. ಸೆಪ್ಟೆಂಬರ್ 24ಕ್ಕ ಅಲ್ಲಿಯ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆನ ಕಾನೂನುಬಾಹಿರ ಅಂದ್ರು. ಸಂಸತ್ತು ಮುಚ್ಚೇ ಇಲ್ಲ ಅಂತ ಲೆಕ್ಕ. ಮರುದಿನ ಸ್ಪೀಕರ್ ಬರ್ಕೊ ಸದನ ಸೇರಿಸಿದ್ರು.

ಕೋರ್ಟು ಹಿಡಿದ ಎಳಿ ಯಾವುದು ನೋಡ್ರಿ. ಜಾನ್ಸನ್ ಮನಸ್ಸಿನ್ಯಾಗ ಏನಿತ್ತು ಅಂತ ಅದು ಹುಡುಕಾಕ ಹೋಗಲಿಲ್ಲ. ಸಂಸತ್ತು ತನ್ನ ಕೆಲಸ ಮಾಡದಂಗ ತಡೆ ಆತೋ ಇಲ್ಲೋ, ಆತಂದ್ರ ಅದಕ್ಕ ಒಪ್ಪೂವಂಥ ಕಾರಣ ಐತೋ ಇಲ್ಲೋ, ಇಷ್ಟ ಕೇಳ್ತು. ಸರ್ಕಾರ 5 ವಾರಕ್ಕ ಕಾರಣಾನ ತೋರಿಸಲಿಲ್ಲ. ನಮಗೂ ಬೇಕಾಗಿದ್ದು ಇದ ಅಳತಿ. ಉದ್ದೇಶ ಹುಡುಕಾಕ ಹ್ವಾದ್ರ ಪಕ್ಷದ ಜಗಳ ಮುಗಿಯೂದಿಲ್ಲ.

ಹಂಗಂತ ಅಲ್ಲಿ ಲೇಬರ್ ಪಕ್ಷ ಶುದ್ಧ ಅಂತ ತಿಳೀಬ್ಯಾಡ್ರಿ. 1948ರಾಗ ಆಟ್ಲಿ ಸರ್ಕಾರಕ್ಕ ಲಾರ್ಡ್ಸ್ ಸಭೆಯ ತಡೆ ಅಧಿಕಾರ ಇಳಿಸೂ ಮಸೂದೆ ಪಾಸ್ ಆಗಬೇಕಿತ್ತು, ಅದಕ್ಕ ಮೂರು ಅಧಿವೇಶನ ಬೇಕಿದ್ವು. ಲೆಕ್ಕ ತುಂಬಸಾಕಂತನ ಸೆಪ್ಟೆಂಬರ್-ಅಕ್ಟೋಬರದಾಗ ಒಂದು ಗಿಡ್ಡ ಅಧಿವೇಶನ ಕರದ್ರು. 1997ರಾಗ ಕನ್ಸರ್ವೇಟಿವ್ ಪ್ರಧಾನಿ ಜಾನ್ ಮೇಜರ್ ಮಾರ್ಚ್ 21ಕ್ಕ ಸಂಸತ್ತು ಮುಚ್ಚಿಸಿದ್ರು, ಚುನಾವಣೆ ಇದ್ದದ್ದು ಮೇ 1ಕ್ಕ. ರೊಕ್ಕ ತಗೊಂಡು ಪ್ರಶ್ನೆ ಕೇಳಿದ ಸಂಸದರ ಮ್ಯಾಲಿನ ತನಿಖಾ ವರದಿ ಮತದಾನದ ಮೊದಲು ಸಂಸತ್ತಿನ ಮುಂದ ಬರಲೇ ಇಲ್ಲ. ಅದ ಮೇಜರ್ ಅವರು 2019ರಾಗ ಜಾನ್ಸನ್ ವಿರುದ್ಧ ಕೋರ್ಟಿಗೆ ಹ್ವಾದ್ರು. ತಡ ಆದ್ರೂ ಹೋದದ್ದು ಸರಿ ಅಂತ ನನ್ನ ಅಭಿಪ್ರಾಯ. ತನ್ನ ಪಕ್ಷದವರ ತಪ್ಪಿಗೆ ಎದುರು ನಿಲ್ಲೂದು ಅಷ್ಟು ಸರಳ ಅಲ್ಲ.

ಕಡಪಾ_ಮೈದಾನ (ಧಾರವಾಡ)

ಈ ವಿಷಯಕ್ಕೆ ಕೆನಡಾ ಇನ್ನೂ ಒಳ್ಳೆಯ ಪಾಠ, ಏಕೆಂದರೆ ಅಲ್ಲಿ ಎರಡೂ ದೊಡ್ಡ ಪಕ್ಷಗಳು ಸಾಲಾಗಿ ಸಿಕ್ಕಿಬಿದ್ದಿವೆ.

2003ರ ನವೆಂಬರ್‌ನಲ್ಲಿ ಲಿಬರಲ್ ಪ್ರಧಾನಿ ಕ್ರೆಟಿಯೆನ್ ಪ್ರೊರೋಗ್ ಮಾಡಿಸಿದರು. ಪ್ರಾಯೋಜಕತ್ವ ಹಗರಣದ (ಸರ್ಕಾರಿ ಪ್ರಚಾರದ ಹಣದ ದುರ್ಬಳಕೆ) ಲೆಕ್ಕಪರಿಶೋಧನಾ ವರದಿ ಸಂಸತ್ತಿಗೆ ಬಂದದ್ದು 2004ರ ಫೆಬ್ರವರಿಯಲ್ಲಿ. 2008ರ ಡಿಸೆಂಬರ್ 1ಕ್ಕೆ ವಿರೋಧ ಪಕ್ಷಗಳು ಮೈತ್ರಿಗೆ ಸಹಿ ಹಾಕಿದವು, 8ಕ್ಕೆ ಅವಿಶ್ವಾಸದ ಮತ ಇತ್ತು. ಕನ್ಸರ್ವೇಟಿವ್ ಪ್ರಧಾನಿ ಹಾರ್ಪರ್ 4ಕ್ಕೇ ಗವರ್ನರ್ ಜನರಲ್ ಬಳಿ ಹೋಗಿ ಜನವರಿ 26ರವರೆಗೆ ಸದನ ಮುಚ್ಚಿಸಿದರು. ಅಷ್ಟರಲ್ಲಿ ಮೈತ್ರಿ ಒಡೆಯಿತು, ಸರ್ಕಾರ ಉಳಿಯಿತು. ಮರುವರ್ಷ ಡಿಸೆಂಬರ್ 30ಕ್ಕೆ ಮತ್ತೆ ಅದೇ ಕೆಲಸ, ಆಫ್ಘಾನ್ ಕೈದಿಗಳ ಬಗ್ಗೆ ಸಮಿತಿ ಕೆದಕುತ್ತಿದ್ದಾಗ.

ಜಸ್ಟಿನ್ ಟ್ರುಡೊ 2015ರ ಪ್ರಣಾಳಿಕೆಯಲ್ಲಿ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಪ್ರೊರೋಗೇಶನ್ ಬಳಸುವುದಿಲ್ಲ ಎಂದು ಮಾತು ಕೊಟ್ಟರು. 2020ರ ಆಗಸ್ಟ್ 18ಕ್ಕೆ, ದತ್ತಿ ಸಂಸ್ಥೆಯೊಂದರ ಗುತ್ತಿಗೆ ವಿವಾದವನ್ನು ಸಮಿತಿಗಳು ವಿಚಾರಿಸುತ್ತಿದ್ದಾಗಲೇ, ಪ್ರೊರೋಗ್ ಮಾಡಿಸಿದರು. 2025ರ ಜನವರಿ 6ಕ್ಕೆ ರಾಜೀನಾಮೆ ಘೋಷಿಸಿದಾಗ ಮತ್ತೊಮ್ಮೆ, ಮಾರ್ಚ್ 24ರವರೆಗೆ. ಕೋರ್ಟಿಗೆ ಹೋದವರ ಅರ್ಜಿಯನ್ನು ಅಲ್ಲಿಯ ಫೆಡರಲ್ ಕೋರ್ಟ್ ತಳ್ಳಿಹಾಕಿತು.

ಅವರು ಮಾಡಿದ ಒಂದು ಸುಧಾರಣೆ ಗಮನಿಸಿ. 2017ರಿಂದ ಪ್ರೊರೋಗ್ ಮಾಡಿದ ಸರ್ಕಾರ ಮುಂದಿನ ಅಧಿವೇಶನ ಶುರುವಾಗಿ 20 ಕಲಾಪದ ದಿನಗಳ ಒಳಗೆ ಕಾರಣದ ವರದಿ ಇಡಬೇಕು. ಕೇಳಲು ಚೆಂದ. ಆದರೆ ಕದ ಮುಚ್ಚಿ, ಬೇಕಾದ್ದು ಮುಗಿಸಿ, ತಿಂಗಳುಗಟ್ಟಲೆ ಆದ ಮೇಲೆ ಕಾರಣ ಬರೆದುಕೊಟ್ಟರೆ ಏನು ಪ್ರಯೋಜನ? 2020ರಲ್ಲಿ ಆದದ್ದು ಅದೇ. ಕಾರಣ ಮುಚ್ಚುವ ಮೊದಲೇ ಸದನದ ಮುಂದೆ ಬರಬೇಕು, ಸದನ ಅದಕ್ಕೆ ಮತ ಹಾಕಬೇಕು. ನಮ್ಮವರು ಯಾರಾದರೂ "ಕೆನಡಾ ಮಾದರಿ ತರೋಣ" ಎಂದರೆ ಈ ಕೊರತೆಯನ್ನು ಮೊದಲು ತೋರಿಸಿ.

ಬೆಟಗೇರಿ_ಮಗ್ಗ (ಗದಗ)

ದೂರದ ದೇಶ ಸಾಕ್ರಿ, ಮನೆಯ ಲೆಕ್ಕ ತೆಗೆಯೋಣ.

ಬಿಜೆಪಿ ಸರ್ಕಾರ: ಗೋಹತ್ಯೆ ನಿಷೇಧ ಮಸೂದೆ 2020ರ ಡಿಸೆಂಬರ್ 9ಕ್ಕೆ ವಿಧಾನಸಭೆಯಲ್ಲಿ ಪಾಸು. ಪರಿಷತ್ತಿನಲ್ಲಿ ಬಹುಮತ ಇರಲಿಲ್ಲ. ಮರುದಿನ ಸಭಾಪತಿ ಪರಿಷತ್ತನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದರು. 2021ರ ಜನವರಿ 5ಕ್ಕೆ ಸುಗ್ರೀವಾಜ್ಞೆ. ಮತಾಂತರ ನಿಷೇಧ ಮಸೂದೆಯದೂ ಅದೇ ಕಥೆ: 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ವಿಧಾನಸಭೆ ಒಪ್ಪಿತು, ಪರಿಷತ್ತಿಗೆ ತರಲಿಲ್ಲ, 2022ರ ಮೇ 17ಕ್ಕೆ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ. ಈ ಎರಡನೆಯದರ ಹೊತ್ತಿಗೆ ಮುಖ್ಯಮಂತ್ರಿ ನಮ್ಮ ಶಿಗ್ಗಾವಿಯ ಬಸವರಾಜ ಬೊಮ್ಮಾಯಿ. ಅವರ ತಂದೆ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್ 21ಕ್ಕೆ ವಜಾ ಮಾಡಿದಾಗ ಅವರು ಕೇಳಿದ್ದು ಒಂದೇ: ಸದನ ಕರೆಯಿರಿ, ಬಹುಮತ ಅಲ್ಲೇ ತೋರಿಸುತ್ತೇನೆ. 1994ರ ಮಾರ್ಚ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತ ಅಳೆಯುವ ಜಾಗ ಸದನವೇ ಎಂದಿತು. ಹುಬ್ಬಳ್ಳಿ ಗ್ರಾಮೀಣದ ಶಾಸಕರೊಬ್ಬರ ಹೆಸರಿನ ಆ ತೀರ್ಪನ್ನು ಇವತ್ತಿಗೂ ದೇಶದ ಎಲ್ಲ ಹೈಕೋರ್ಟುಗಳಲ್ಲಿ ಓದುತ್ತಾರೆ. ಪರಿಷತ್ತೂ ಸದನವೇ. ಅಲ್ಲಿ ಬಹುಮತ ಇಲ್ಲವೆಂದು ಅದನ್ನು ಸುತ್ತಿಬಳಸಿ ಹೋಗುವುದು ಆ ತೀರ್ಪಿನ ಮನಸ್ಸಿಗೆ ಒಪ್ಪುವಂಥದ್ದಲ್ಲ.

ಕಾಂಗ್ರೆಸ್ ಸರ್ಕಾರ: ನಾಮಫಲಕದಲ್ಲಿ 60% ಕನ್ನಡದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು 2024ರ ಜನವರಿಯಲ್ಲಿ ವಾಪಸ್ ಕಳಿಸಿದರು, ಅಧಿವೇಶನ ಹತ್ತಿರದಲ್ಲೇ ಇತ್ತು. ಫೆಬ್ರವರಿಯಲ್ಲಿ ಅದೇ ವಿಷಯ ಮಸೂದೆಯಾಗಿ ಸಲೀಸಾಗಿ ಪಾಸಾಯಿತು. ಅಂದರೆ ಸುಗ್ರೀವಾಜ್ಞೆಯ ಅಗತ್ಯವೇ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆ: 7ಕ್ಕೆ ರಾಜ್ಯಪಾಲರು ವಾಪಸ್ ಕಳಿಸಿದರು, 12ಕ್ಕೆ ಅಂಕಿತ ಹಾಕಿದರು, ಅಧಿವೇಶನ ಮಾರ್ಚ್ 3ಕ್ಕೆ. ಹಿಂದೆ ಸುಗ್ರೀವಾಜ್ಞೆ ಎಂದರೆ ಸದನಕ್ಕೆ ಅವಮಾನ ಎಂದಿದ್ದ ಪಕ್ಷ ಇದು.

ವರದಾ_ತೀರ (ಹಾವೇರಿ)

ಅಣ್ಣಾರ, ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆನ ಗೋಹತ್ಯೆ ಸುಗ್ರೀವಾಜ್ಞೆ ಜೋಡಿ ಒಂದ ತಕ್ಕಡ್ಯಾಗ ಇಡಬ್ಯಾಡ್ರಿ. ನಮ್ಮ ಜಿಲ್ಲಾದಾಗ ವಸೂಲಿಯವರು ರಾತ್ರಿ ಮನಿ ಮುಂದ ಬಂದು ಕುಂದರತಿದ್ರು. ಹೆಣ್ಮಕ್ಕಳು ಊರ ಬಿಟ್ಟ ಹೋಗೂ ಹೊತ್ತಿನ್ಯಾಗ ಮೂರು ವಾರ ಕಾಯೂದು ಸಣ್ಣ ಮಾತಲ್ಲ. ಸುಗ್ರೀವಾಜ್ಞೆ ಅಧಿಕಾರ ಸಂವಿಧಾನದಾಗ ಇಟ್ಟದ್ದ ಇಂಥ ಹೊತ್ತಿಗೆ. ಬಹುಮತ ಇಲ್ಲಂತ ಸದನ ತಪ್ಪಿಸೂದು ಬ್ಯಾರೆ, ಜೀವ ಹೋಗೂ ಹೊತ್ತಿಗೆ ತರೂದು ಬ್ಯಾರೆ.

ಬೆಟಗೇರಿ_ಮಗ್ಗ (ಗದಗ)

ಅಕ್ಕಾರ, ನಿಮ್ಮ ಮಾತು ಒಪ್ಪಿದೆ. ಗದಗಿನಲ್ಲೂ ಅದೇ ಪರಿಸ್ಥಿತಿ ಇತ್ತು. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದು ನನ್ನ ತಪ್ಪು. ಆದರೆ ತುರ್ತು ಇದೆಯೋ ಇಲ್ಲವೋ ಎಂಬ ತೀರ್ಮಾನ ಸರ್ಕಾರದ ಮಾತಿನ ಮೇಲಷ್ಟೇ ನಿಂತರೆ ಪ್ರತಿ ಸರ್ಕಾರವೂ ತನ್ನದೇ ತುರ್ತು ಎನ್ನುತ್ತದೆ. ಸುಗ್ರೀವಾಜ್ಞೆಯ ಜೊತೆಗೇ ಅರ್ಧ ಪುಟದ ಕಾರಣಪತ್ರ ರಾಜ್ಯಪತ್ರದಲ್ಲಿ ಬರಬೇಕು: ಸದನ ಕೊನೆಗೆ ಸೇರಿದ್ದು ಯಾವತ್ತು, ಮುಂದೆ ಸೇರುವುದು ಯಾವತ್ತು, ಅಲ್ಲಿಯವರೆಗೆ ಕಾದರೆ ಯಾರಿಗೆ ಏನು ಹಾನಿ. ನಿಮ್ಮ ಪ್ರಕರಣ ಈ ಪರೀಕ್ಷೆ ಪಾಸಾಗುತ್ತದೆ. ನಾಮಫಲಕದ್ದು ಆಗುವುದಿಲ್ಲ.

ಸಾಧನಕೇರಿ (ಧಾರವಾಡ)

ಇಲ್ಲಿ ಬಿಹಾರದ ಪಾಠ ಸೇರಿಸುತ್ತೇನೆ. 1967ರಿಂದ 1981ರ ನಡುವೆ ಅಲ್ಲಿ 256 ಸುಗ್ರೀವಾಜ್ಞೆ ಬಂದವು. ಮತ್ತೆ ಮತ್ತೆ ಹೊರಡಿಸಿ ಕೆಲವನ್ನು 14 ವರ್ಷದವರೆಗೆ ಜೀವಂತ ಇಟ್ಟರು. ಸದನ ಸೇರಿದ 6 ವಾರಕ್ಕೆ ಸುಗ್ರೀವಾಜ್ಞೆ ಬೀಳಬೇಕು. ಅವರು ಅಧಿವೇಶನ ಮುಗಿಸಿ, ಪ್ರೊರೋಗ್ ಮಾಡಿಸಿ, ಅದನ್ನೇ ಹೊಸದಾಗಿ ಹೊರಡಿಸುತ್ತಿದ್ದರು. 1986ರಲ್ಲಿ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನಕ್ಕೆ ಮೋಸ ಎಂದಿತು. 2017ರ ಜನವರಿ 2ಕ್ಕೆ 7 ನ್ಯಾಯಮೂರ್ತಿಗಳ ಪೀಠ ಇನ್ನೂ ಬಿಗಿ ಮಾಡಿ, ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡುವುದು ಕಡ್ಡಾಯ ಎಂದಿತು.

ಉಣಕಲ್_ದಂಡಿ (ಹುಬ್ಬಳ್ಳಿ)

"6 ತಿಂಗಳಿಗೊಮ್ಮೆ ಸದನ ಸೇರಲೇಬೇಕಲ್ಲ, ಮತ್ತೇನು ಭಯ" ಎಂದು ಕೆಲವರು ಕೇಳುತ್ತಾರೆ. ಆ ಗಡುವಿನ ಲೆಕ್ಕ ಹೇಗೆಂದರೆ, ಒಂದು ಅಧಿವೇಶನದ ಕೊನೆಯ ಕಲಾಪದಿಂದ ಮುಂದಿನದರ ಮೊದಲ ಕಲಾಪದ ನಡುವೆ 6 ತಿಂಗಳು ಮೀರಬಾರದು. ಒಂದೇ ದಿನ ಸೇರಿದರೂ ಗಡುವು ಪೂರೈಸಿದಂತೆ. ವರ್ಷಕ್ಕೆ ಎರಡು ದಿನ ಸೇರಿದರೂ ಸಂವಿಧಾನದ ಅಕ್ಷರಕ್ಕೆ ಭಂಗವಿಲ್ಲ!

2020ರಲ್ಲಿ ಸಂಸತ್ತು ಮಾರ್ಚ್ 23ಕ್ಕೆ ನಿಂತಿತು, ಸೆಪ್ಟೆಂಬರ್ 14ಕ್ಕೆ ಮತ್ತೆ ಸೇರಿತು, ಗಡುವಿಗೆ 9 ದಿನ ಇದ್ದಾಗ. ನಡುವೆ ಜೂನ್ 5ಕ್ಕೆ ಮೂರು ಕೃಷಿ ಸುಗ್ರೀವಾಜ್ಞೆ. ಅವುಗಳಲ್ಲಿ ಎರಡರ ಮಸೂದೆಗಳು ಸೆಪ್ಟೆಂಬರ್ 20ಕ್ಕೆ ರಾಜ್ಯಸಭೆಯಲ್ಲಿ ಮತ ವಿಭಜನೆ ಕೇಳಿದರೂ ಕೊಡದೆ ಧ್ವನಿಮತದಲ್ಲಿ ಪಾಸು, ಮರುದಿನ 8 ಸದಸ್ಯರ ಅಮಾನತು. ಆ ವರ್ಷ ಚಳಿಗಾಲದ ಅಧಿವೇಶನವನ್ನೇ ಕೈಬಿಟ್ಟರು. ಹರಿಯಾಣದಲ್ಲಿ ಇನ್ನೂ ವಿಚಿತ್ರ. ವಿಧಾನಸಭೆ ಕೊನೆಗೆ ಸೇರಿದ್ದು 2024ರ ಮಾರ್ಚ್ 13, ಗಡುವು ಸೆಪ್ಟೆಂಬರ್ 12. ಒಂದು ದಿನ ಸದನ ಕರೆಯುವ ಬದಲು ಅದೇ 12ಕ್ಕೆ ವಿಧಾನಸಭೆಯನ್ನೇ ವಿಸರ್ಜಿಸಿದರು.

ಬಿಜೆಪಿ ಬಗ್ಗೆ ಇಷ್ಟು ಹೇಳಿದ ಮೇಲೆ ಯುಪಿಎ ಕಾಲವನ್ನೂ ಹೇಳಬೇಕು. 2008ರ ಜುಲೈ 22ಕ್ಕೆ ವಿಶ್ವಾಸಮತ ಗೆದ್ದ ಮೇಲೆ ಲೋಕಸಭೆಯನ್ನು ಪ್ರೊರೋಗ್ ಮಾಡಲೇ ಇಲ್ಲ. ಅಕ್ಟೋಬರ್, ಡಿಸೆಂಬರ್‌ನಲ್ಲಿ ಸೇರಿದ್ದೂ ಅದೇ ಅಧಿವೇಶನದ ಮುಂದುವರಿಕೆ. ಅಂದರೆ ಕೀಲಿಯನ್ನು ಎರಡೂ ಕಡೆ ತಿರುಗಿಸಬಹುದು. ಮುಚ್ಚಿ ತಪ್ಪಿಸಿಕೊಳ್ಳುವುದು ಒಂದು, ಮುಚ್ಚದೆ ಎಳೆದು ಹೊಸ ಅಧಿವೇಶನ ತಪ್ಪಿಸುವುದು ಇನ್ನೊಂದು. ಪಂಜಾಬಿನ ಆಮ್ ಆದ್ಮಿ ಸರ್ಕಾರ 2023ರಲ್ಲಿ ಎರಡನೆಯದನ್ನೇ ಮಾಡಿತು. ರಾಜ್ಯಪಾಲರು ಆಕ್ಷೇಪಿಸಿದ್ದ ಜೂನ್ 19, 20ರ ಕಲಾಪ ಸಿಂಧು ಎಂದು ಸುಪ್ರೀಂ ಕೋರ್ಟ್ ನವೆಂಬರ್ 10ಕ್ಕೆ ಹೇಳಿತು, ಆದರೆ ಸದನವನ್ನು ಹೀಗೆ ಸದಾ ಅರೆಜೀವದಲ್ಲಿ ಇಡಬಾರದು ಎಂದೂ ಹೇಳಿತು.

ಮುಳಗುಂದ_ನಾಕಾ (ಗದಗ)

ಎಲ್ಲರೂ ಸರ್ಕಾರವನ್ನೇ ಬೈಯುತ್ತಿದ್ದೀರಿ. ಸದನ ನಡೆಯಗೊಡದ ಸದಸ್ಯರನ್ನು ಏನು ಮಾಡಬೇಕು? 2023ರ ಜುಲೈ 19ಕ್ಕೆ ವಿಧಾನಸಭೆಯಲ್ಲಿ ಪೀಠದ ಮೇಲೆ ಕುಳಿತಿದ್ದವರು ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ, ಹಾವೇರಿಯ ಶಾಸಕರು. ಅವರತ್ತ ಮಸೂದೆಯ ಪ್ರತಿ ಹರಿದು ಎಸೆದರು. 2020ರ ಡಿಸೆಂಬರ್ 15ಕ್ಕೆ ಪರಿಷತ್ತಿನಲ್ಲಿ ಉಪಸಭಾಪತಿಯನ್ನು ಕುರ್ಚಿಯಿಂದ ಎಳೆದರು. ಪೀಠಕ್ಕೆ ಕೈ ಹಾಕಿದವರಿಗೆ ಶಿಕ್ಷೆ ಬೇಡವೇ? 2010ರ ಚಳಿಗಾಲದ ಅಧಿವೇಶನ ಪೂರ್ತಿ 2ಜಿ ಗದ್ದಲದಲ್ಲಿ ಕೊಚ್ಚಿಹೋದಾಗ ಅಡ್ಡಿ ಮಾಡುವುದೂ ಪ್ರಜಾಪ್ರಭುತ್ವದ ದಾರಿ ಎಂದು ವಾದಿಸಿದ ಪಕ್ಷವೇ ಮುಂದೆ 146 ಜನರನ್ನು ಹೊರಹಾಕಿತು. ಹಾಗೆಯೇ ಆಗ ಅಡ್ಡಿಯನ್ನು ಖಂಡಿಸಿದ್ದ ಕಾಂಗ್ರೆಸ್ ಈಗ ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿಯುತ್ತದೆ.

ಸಾಧನಕೇರಿ (ಧಾರವಾಡ)

ಶಿಕ್ಷೆ ಬೇಕು ಸರ್. ಎಷ್ಟು, ಯಾರಿಗೆ, ಹೇಗೆ ಎಂಬುದು ಪ್ರಶ್ನೆ.

ಲೋಕಸಭೆಯಲ್ಲಿ ನಿಯಮ 373 ಆ ದಿನದ ಮಟ್ಟಿಗೆ ಹೊರಗೆ ಕಳಿಸುತ್ತದೆ. 374ರಲ್ಲಿ ಸ್ಪೀಕರ್ ಹೆಸರು ಹೇಳಬೇಕು, ಪ್ರಸ್ತಾವ ಬರಬೇಕು, ಸದನ ಒಪ್ಪಬೇಕು. ಗರಿಷ್ಠ ಅಧಿವೇಶನದ ಉಳಿದ ಅವಧಿ. 2001ರ ಡಿಸೆಂಬರ್ 5ಕ್ಕೆ ಸೇರಿದ 374-ಎ ಬೇರೆ ಥರ. ಬಾವಿಗಿಳಿದು ಗಂಭೀರ ಅಡ್ಡಿ ಮಾಡಿದವರ ಹೆಸರು ಸ್ಪೀಕರ್ ಹೇಳಿದೊಡನೆ 5 ಕಲಾಪದ ದಿನ ಅಥವಾ ಉಳಿದ ಅಧಿವೇಶನ, ಯಾವುದು ಕಡಿಮೆಯೋ ಅಷ್ಟು ಅಮಾನತು. ಮತವೇ ಬೇಡ. 2015ರ ಆಗಸ್ಟ್ 3ಕ್ಕೆ ಕಾಂಗ್ರೆಸ್ಸಿನ 25 ಜನ 5 ದಿನ ಹೊರಗುಳಿದಿದ್ದರು.

ಗುಂಪಾಗಿ ಮಾಡಿದರೆ ಏನು ಕೆಡುತ್ತದೆ ಎನ್ನುವುದಕ್ಕೆ 2023ರ ಡಿಸೆಂಬರ್ 14 ಸಾಕ್ಷಿ. ಪಟ್ಟಿಯಲ್ಲಿದ್ದ ಡಿಎಂಕೆ ಸದಸ್ಯ ಎಸ್.ಆರ್. ಪಾರ್ಥಿಬನ್ ಆ ಹೊತ್ತಿಗೆ ಸದನದಲ್ಲೇ ಇರಲಿಲ್ಲ. ಆಮೇಲೆ ಹೆಸರು ತೆಗೆದರು. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕೃತ್ಯ ಓದಿ ಹೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಅಷ್ಟು ಜನ ಹೊರಗಿದ್ದಾಗಲೇ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಪಾಸಾದವು. ಗುಂಪು ಅಮಾನತು ಹೊಸದೇನಲ್ಲ. 1989ರ ಮಾರ್ಚ್ 15ಕ್ಕೆ ರಾಜೀವ್ ಗಾಂಧಿ ಸರ್ಕಾರದ ಕಾಲದಲ್ಲಿ ಲೋಕಸಭೆಯ 63 ಜನ ಒಂದೇ ದಿನ ಹೊರಬಿದ್ದಿದ್ದರು.

ಕರ್ನಾಟಕದ 18 ಜನರ ವಿಷಯ ಕಾನೂನಿನಲ್ಲೂ ನಿಲ್ಲುವುದಿಲ್ಲ ಎಂದು ನನ್ನ ವಾದ. ಮಹಾರಾಷ್ಟ್ರದಲ್ಲಿ 2021ರ ಜುಲೈ 5ಕ್ಕೆ ಬಿಜೆಪಿಯ 12 ಶಾಸಕರನ್ನು 1 ವರ್ಷ ಅಮಾನತು ಮಾಡಿದ್ದರು. 2022ರ ಜನವರಿ 28ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ನಡೆಯುತ್ತಿರುವ ಅಧಿವೇಶನ ಮೀರಿ ಅಮಾನತು ಸಲ್ಲದು ಎಂದಿತು. ಕಾರಣ ಸರಳ. ಶಾಸಕನನ್ನು ಉಚ್ಚಾಟಿಸಿದರೆ 6 ತಿಂಗಳೊಳಗೆ ಉಪಚುನಾವಣೆ ಬರುತ್ತದೆ, ಕ್ಷೇತ್ರಕ್ಕೆ ಇನ್ನೊಬ್ಬ ಪ್ರತಿನಿಧಿ ಸಿಗುತ್ತಾನೆ. ದೀರ್ಘ ಅಮಾನತಿನಲ್ಲಿ ಹಳಬ ಒಳಗೆ ಬರುವಂತಿಲ್ಲ, ಹೊಸಬ ಬರುವುದಿಲ್ಲ. ಶಿಕ್ಷೆ ಮತದಾರರಿಗೆ. ಈ ತೀರ್ಪು ಮೂರು ವರ್ಷ ಹಳೆಯದಾಗಿದ್ದಾಗಲೂ ಬೆಂಗಳೂರಿನಲ್ಲಿ 6 ತಿಂಗಳು ಕೊಟ್ಟರು. ಸಮಿತಿ ಸಭೆಗೂ ಬರುವಂತಿಲ್ಲ, ದಿನಭತ್ಯೆಯೂ ಇಲ್ಲ. ಮೇ 25ಕ್ಕೆ ವಾಪಸ್ ಪಡೆದದ್ದು ಒಳ್ಳೆಯದಾಯಿತು.

ವರದಾ_ತೀರ (ಹಾವೇರಿ)

ಕಲಾಪದ ದಿನದ ಕಾಯ್ದೆ ನಮ್ಮ ರಾಜ್ಯದಾಗ ಐತಲ್ರಿ? 2005ರದ್ದು, ವರ್ಷಕ್ಕ 60 ದಿನ ಸದನ ನಡೀಬೇಕಂತ. ಅದು ಪಾಲನೆ ಆಗಲಿಲ್ಲಂದ್ರ ಶಾಸಕರ ಭತ್ಯೆ ಕಡೀಬೇಕು ಅಂತೀನಿ ನಾ.

ಕಡಪಾ_ಮೈದಾನ (ಧಾರವಾಡ)

ಕಾಯ್ದೆ ಇದೆ, ಹಲ್ಲಿಲ್ಲ. 60 ದಿನ ಆಗದಿದ್ದರೆ ಏನು ಎಂದು ಅದು ಹೇಳುವುದಿಲ್ಲ, ಹಾಗಾಗಿ ಯಾವ ಪಕ್ಷದ ಸರ್ಕಾರವೂ ಅದಕ್ಕೆ ಹೆದರಿಲ್ಲ. ನ್ಯಾ. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಲೋಕಸಭೆಗೆ 120 ದಿನ, ರಾಜ್ಯಸಭೆಗೆ 100 ದಿನ ಶಿಫಾರಸು ಮಾಡಿತ್ತು, ಅದೂ ಕಾಗದದಲ್ಲೇ ಉಳಿಯಿತು.

ಆದರೆ ಅಕ್ಕಾರ, ಭತ್ಯೆ ಕಡಿಯುವುದು ತಪ್ಪು ಗುರಿ. ಅಧಿವೇಶನ ಕರೆಯುವುದು ಸಂಪುಟ, ಶಾಸಕರಲ್ಲ. ವಿರೋಧ ಪಕ್ಷದ ಶಾಸಕನ ಭತ್ಯೆ ಕಡಿದರೆ ಸರ್ಕಾರದ ತಪ್ಪಿಗೆ ಅವನಿಗೆ ದಂಡ ಹಾಕಿದಂತೆ. ಬೇಕಾದದ್ದು ಸದಸ್ಯರೇ ಸದನ ಕರೆಸುವ ಅಧಿಕಾರ. ಅದಕ್ಕೆ ಮಾದರಿ ನಮ್ಮ ಸಂವಿಧಾನದಲ್ಲೇ ಇದೆ. ತುರ್ತು ಪರಿಸ್ಥಿತಿಯ ಪೆಟ್ಟು ತಿಂದ ಮೇಲೆ 44ನೇ ತಿದ್ದುಪಡಿಯಲ್ಲಿ 352(8) ಸೇರಿಸಿದರು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಲಿಖಿತ ನೋಟಿಸು ಕೊಟ್ಟರೆ, ಘೋಷಣೆ ರದ್ದತಿ ಚರ್ಚಿಸಲು 14 ದಿನದೊಳಗೆ ವಿಶೇಷ ಕಲಾಪ ಕರೆಯಲೇಬೇಕು. ಇದೇ ವಾಕ್ಯವನ್ನು 85ಕ್ಕೂ 174ಕ್ಕೂ ಸೇರಿಸಿ. ಹತ್ತನೇ ಒಂದು ಭಾಗ ಕಡಿಮೆ ಎನಿಸಿದರೆ ಕಾಲು ಭಾಗ ಮಾಡಿ. 224ರಲ್ಲಿ 56 ಜನ.

ತಿದ್ದುಪಡಿ ಕಷ್ಟ ಎಂಬ ಮಾತು ಅರ್ಧ ಸತ್ಯ. 174, 213 ಎರಡೂ ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕಾದ ಪಟ್ಟಿಯಲ್ಲಿ ಇಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ, ಅಷ್ಟೇ. ಇನ್ನು ಅಮಾನತಿನ ನಿಯಮಕ್ಕೆ ತಿದ್ದುಪಡಿಯೇ ಬೇಡ. 208ರ ಕೆಳಗೆ ವಿಧಾನಸಭೆ ತನ್ನ ನಿಯಮ ತಾನೇ ಬದಲಿಸಬಹುದು. ಒಬ್ಬೊಬ್ಬರ ಹೆಸರಿಗೆ ಬೇರೆ ಪ್ರಸ್ತಾವ, ದಾಖಲಾದ ಮತ, ಅಧಿವೇಶನದ ಆಚೆ ಹೋಗದ ಅವಧಿ. ಸಚಿವರು ಮನಸ್ಸು ಮಾಡಿದರೆ ಮುಂದಿನ ಬೆಳಗಾವಿ ಅಧಿವೇಶನದಲ್ಲೇ ಆಗುವ ಕೆಲಸ.

ದುರ್ಗದ_ಬೈಲ್ (ಹುಬ್ಬಳ್ಳಿ)

ಸ್ಪೀಕರ್ ಪಕ್ಷ ಬಿಡಬೇಕು, ಅದನ್ನೂ ಸೇರಸ್ರಿ. ಸಂವಿಧಾನದ 10ನೇ ಅನುಸೂಚಿ (ಪಕ್ಷಾಂತರ ತಡೆಯೂ ಭಾಗ) ಅದರ 5ನೇ ಪ್ಯಾರಾದಾಗ ಅದಕ್ಕ ದಾರಿ ಐತಿ. ಸ್ಪೀಕರ್ ಆದ ಮ್ಯಾಲೆ ಪಕ್ಷ ಬಿಟ್ರ ಪಕ್ಷಾಂತರ ಅಲ್ಲ. 1967ರಾಗ ಲೋಕಸಭಾ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿ ಪಕ್ಷ ಬಿಟ್ಟಿದ್ರು. 2010ರಾಗ ಕರ್ನಾಟಕದ ಸ್ಪೀಕರ್ 16 ಶಾಸಕರನ್ನ ಅನರ್ಹ ಮಾಡಿದ್ದನ್ನ ಸುಪ್ರೀಂ ಕೋರ್ಟ್ ಮುಂದಿನ ವರ್ಷ ರದ್ದು ಮಾಡ್ತು. 2019ರಾಗ ಬ್ಯಾರೆ ಪಕ್ಷದ ಸ್ಪೀಕರ್ 17 ಮಂದಿನ ಅನರ್ಹ ಮಾಡಿದ್ರು. ಅನರ್ಹತೆ ಉಳೀತು, ವಿಧಾನಸಭೆ ಅವಧಿ ಮುಗಿಯೂತನ ಚುನಾವಣೆಗೆ ನಿಲ್ಲಬಾರದು ಅಂದದ್ದು ಬಿತ್ತು.

ಮುಳಗುಂದ_ನಾಕಾ (ಗದಗ)

ಸರಿ, ಬರೆದು ಬಿಟ್ಟರೆ ಆಗಲಿಲ್ಲ. ನಾವು ಏನು ಮಾಡಬಹುದು?

ಬೆಟಗೇರಿ_ಮಗ್ಗ (ಗದಗ)

ಎರಡು ಕೆಲಸ.

ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರರ ಕ್ಷೇತ್ರ ನಮ್ಮ ಮೂರು ಜಿಲ್ಲೆ ಮತ್ತು ಉತ್ತರ ಕನ್ನಡಕ್ಕೆ ಸೇರಿದ್ದು. ಹಿಂದಿನ ಚುನಾವಣೆ 2020ರಲ್ಲಿ, ಅವಧಿ 6 ವರ್ಷ. ಮತ ಕೇಳಲು ಬಂದವರ ಮುಂದೆ ಈ ಬೇಡಿಕೆ ಇಡಬೇಕು. ಆದರೆ ಅದಕ್ಕೆ ಮತದಾರರಾಗಿರಬೇಕು. ವಿಧಾನಸಭೆ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿ ತಾನಾಗಿ ಬರುವುದಿಲ್ಲ, ಹಳೆಯ ಪಟ್ಟಿಯ ಹೆಸರೂ ಮುಂದುವರಿಯುವುದಿಲ್ಲ. ಪ್ರತಿ ಸಲ ಪಟ್ಟಿ ಹೊಸದು, ಪ್ರತಿ ಸಲ ನಮೂನೆ 18 ತುಂಬಬೇಕು. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ 3 ವರ್ಷ ಮೊದಲೇ ಪದವಿ ಮುಗಿದಿರಬೇಕು. ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಲಗತ್ತಿಸದೇ ಎಷ್ಟೋ ಅರ್ಜಿ ತಿರಸ್ಕೃತವಾಗುತ್ತವೆ. ಶಿಕ್ಷಕರ ಕ್ಷೇತ್ರಕ್ಕಾದರೆ ನಮೂನೆ 19.

ಎರಡನೆಯದು ಮಾಹಿತಿ ಹಕ್ಕು. 2005ರಿಂದ ಪ್ರತಿ ಅಧಿವೇಶನ ಶುರುವಾದ ದಿನ, ಕೊನೆಯ ಕಲಾಪ, ಒಟ್ಟು ದಿನ, ಪ್ರೊರೋಗೇಶನ್ ಆದೇಶದ ದಿನಾಂಕ ಕೇಳೋಣ. ಅದರ ಪಕ್ಕಕ್ಕೆ ರಾಜ್ಯಪತ್ರದಿಂದ ಸುಗ್ರೀವಾಜ್ಞೆಗಳ ದಿನಾಂಕ ಬರೆದರೆ, ಯಾವ ಸರ್ಕಾರ ಬಾಗಿಲು ಮುಚ್ಚಿ ಎಷ್ಟನೇ ದಿನಕ್ಕೆ ಸುಗ್ರೀವಾಜ್ಞೆ ತಂದಿತು ಎಂಬುದು ಒಂದೇ ಕೋಷ್ಟಕದಲ್ಲಿ ಕಾಣುತ್ತದೆ. ಪಕ್ಷದ ಹೆಸರಿನ ಕಾಲಂ ಕೊನೆಗೆ ತುಂಬೋಣ.

ಉಣಕಲ್_ದಂಡಿ (ಹುಬ್ಬಳ್ಳಿ)

ಅರ್ಜಿಯ ಕರಡು ನಾನು ಬರೆಯುತ್ತೇನೆ. "60 ದಿನ ಏಕೆ ನಡೆಯಲಿಲ್ಲ" ಎಂದೂ ಕೇಳಲೇ?

ಸಾಧನಕೇರಿ (ಧಾರವಾಡ)

"ಏಕೆ" ಬೇಡ. ಅದು ಮಾಹಿತಿಯಲ್ಲ, ವಿವರಣೆ ಎಂದು ತಿರಸ್ಕರಿಸುತ್ತಾರೆ. "60 ದಿನ ನಡೆಯದ ವರ್ಷಗಳಲ್ಲಿ ಆ ಕುರಿತ ಕಡತದ ಟಿಪ್ಪಣಿಗಳ ಪ್ರತಿ" ಎಂದು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅದರ ಮೇಲೆ ಹೋದರೆ ವಾಪಸ್ ಬರುತ್ತದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ವಿಧಾನಸಭೆ ಸಚಿವಾಲಯ, ಪರಿಷತ್ ಸಚಿವಾಲಯ ಬೇರೆ ಬೇರೆ ಪ್ರಾಧಿಕಾರಗಳು, ಆದ್ದರಿಂದ ಎರಡು ಅರ್ಜಿ. ಕಡತದ ಟಿಪ್ಪಣಿ ಇರುವುದು ಸಂಸದೀಯ ವ್ಯವಹಾರಗಳ ಇಲಾಖೆಯಲ್ಲಿ, ಅದಕ್ಕೆ ಮೂರನೆಯದು. ತಪ್ಪು ಕಚೇರಿಗೆ ಹೋದರೂ ಕಲಮು 6(3)ರಂತೆ 5 ದಿನದಲ್ಲಿ ವರ್ಗಾಯಿಸಬೇಕು, ಆದರೆ ಅದನ್ನು ನಂಬಿ ಕೂರಬೇಡಿ.

ವರದಾ_ತೀರ (ಹಾವೇರಿ)

ಪರಿಷತ್ತಿನ ಅರ್ಜಿ ನಾ ಹಾಕ್ತೀನಿ. ಇಲಾಖೆಯದ್ದು ಯಾರು?

ಮುಳಗುಂದ_ನಾಕಾ (ಗದಗ)

ನಾನು ಹಾಕುತ್ತೇನೆ. ಸಚಿವರು ನಮ್ಮೂರಿನವರು, ಅರ್ಜಿ ಗದಗಿನಿಂದಲೇ ಹೋಗಲಿ.